ಎಡಗಡೆ ದೀಪ, ಬಲಗಡೆ ಬಾಟಲಿ: ಈ ಪೋಸ್ಟರ್ ಯಾರ ವಿರುದ್ಧ?



ನವೆಂಬರ್ ಹತ್ತಿರ ಬಂತೆಂದರೆ ನಮ್ಮ ಹುಡುಗರ ಕೈ ಸುಮ್ಮನಿರುವುದಿಲ್ಲ. ಬಾವುಟ ಕಟ್ಟಬೇಕು, ಚಂದಾ ಎತ್ತಬೇಕು, ಆರ್ಕೆಸ್ಟ್ರಾ ಗೊತ್ತು ಮಾಡಬೇಕು, ಪೋಸ್ಟರ್ ಹೊಡೆಸಬೇಕು. ಮೊನ್ನೆ ನಮ್ಮ ಬಡಾವಣೆಯ ಹುಡುಗರು ಪೋಸ್ಟರಿನ ಕರಡು ಸುತ್ತಿಕೊಂಡು ಟೀ ಅಂಗಡಿಗೆ ಬಂದರು. 'ಅಣ್ಣಾ, ಪ್ರೆಸ್ಸಿಗೆ ಕೊಡೋ ಮುಂಚೆ ಒಂದ್ಸಲ ನೋಡಿಬಿಡಿ, ಕಾಗುಣಿತ ತಪ್ಪಿದ್ರೆ ಹೇಳಿ' ಅಂದರು.

ಕಾಗುಣಿತ ತಪ್ಪಿರಲಿಲ್ಲ. ತಪ್ಪಿದ್ದು ಬೇರೆ.

ಹಾಳೆಯ ನಡುವೆ ಉದ್ದಕ್ಕೆ ಒಂದು ಗೆರೆ. ಎಡಗಡೆ ಅರಿಶಿನ ಬಣ್ಣ, ಮೇಲೆ 'ನಮ್ಮ ಸಂಸ್ಕೃತಿ' ಎಂಬ ತಲೆಬರಹ. ಮೈಸೂರು ರೇಷ್ಮೆ ಉಟ್ಟು ದೀಪ ಹಚ್ಚುತ್ತಿರುವ ಹೆಣ್ಣುಮಗಳು, ಗೋಡೆಯ ಮೇಲೆ ಲಕ್ಷ್ಮಿಯ ಪಟ, ಅಜ್ಜನ ಕಾಲಿಗೆ ಬೀಳುತ್ತಿರುವ ಮೊಮ್ಮಕ್ಕಳು, ಬಾಳೆಲೆ ಊಟ. ಬಲಗಡೆ ಕಪ್ಪು ಬಣ್ಣ, 'ಪಾಶ್ಚಾತ್ಯ ಸಂಸ್ಕೃತಿ'. ಜೀನ್ಸ್ ತೊಟ್ಟ ಹುಡುಗಿ, ಅವಳ ಕೈಯಲ್ಲಿ ಬಾಟಲಿ, ಹಿಂದೆ ಡಿಸ್ಕೋ ದೀಪ, ಮೂಲೆಯಲ್ಲಿ ವೃದ್ಧಾಶ್ರಮದ ಬೋರ್ಡು. ಕೆಳಗೆ ಕೆಂಪಕ್ಷರದಲ್ಲಿ: 'ಕನ್ನಡಿಗಾ, ನಿನ್ನ ಆಯ್ಕೆ ಯಾವುದು?'

ಬಂದವರು ಆರು ಜನ. ಐವರು ಹುಡುಗರು, ಒಬ್ಬಳು ಹುಡುಗಿ. ಕರಡಿನ ಅಕ್ಷರ ಬರೆದವಳು ಅವಳೇ. ಆ ಗುಂಪಿನಲ್ಲಿ ಕನ್ನಡ ದುಂಡಗೆ ಬರೆಯುವವಳು ಅವಳೊಬ್ಬಳೇ. ಕೆಲಸ ಮುಗಿಸಿ ಕಂಪನಿಯಿಂದ ನೇರವಾಗಿ ಬಂದಿದ್ದಳು. ಜೀನ್ಸ್ ತೊಟ್ಟಿದ್ದಳು. ತಾನು ಬರೆದ ಪೋಸ್ಟರಿನ ಬಲಗಡೆಗೆ ತಾನೇ ಬಿದ್ದಿದ್ದಳು. ಹುಡುಗರ ಗಮನಕ್ಕೆ ಅದು ಬಂದೇ ಇರಲಿಲ್ಲ. ಅವಳ ಗಮನಕ್ಕೆ ಬಂದಿತ್ತು. ಟೀ ಲೋಟದೊಳಗೆ ನೋಡುತ್ತಾ ನಿಂತಿದ್ದಳು.

ಅಂದ ಹಾಗೆ ಐವರು ಹುಡುಗರೂ ಜೀನ್ಸೇ ತೊಟ್ಟಿದ್ದರು. ಪೋಸ್ಟರಿನ ಬಲಗಡೆ ಹುಡುಗನ ಚಿತ್ರ ಒಂದೂ ಇರಲಿಲ್ಲ!

ನಾನು ಬೈಯಲಿಲ್ಲ. ಬೈಯುವ ಹಕ್ಕು ನನಗಿಲ್ಲ. ಇಂಥದೇ ಪೋಸ್ಟರನ್ನು 1996ರಲ್ಲಿ ನಾನೇ ಬೀದಿ ಬೀದಿಗೆ ಅಂಟಿಸಿದವನು.

ನಿಮ್ಮಲ್ಲಿ ಎಷ್ಟೋ ಜನ ಆಗ ಹುಟ್ಟಿರಲಿಲ್ಲ. ಆ ವರ್ಷ ನವೆಂಬರ್ 23ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆ. ಅದರ ಹಿಂದಿನ ವರ್ಷ ಬ್ರಿಗೇಡ್ ರಸ್ತೆಯಲ್ಲಿ ಕೆಂಟುಕಿ ಕೋಳಿ ಅಂಗಡಿ ತೆರೆದಿತ್ತು. 1996ರ ಜನವರಿಯಲ್ಲಿ ರೈತ ಸಂಘದವರು ಅಲ್ಲಿಗೆ ನುಗ್ಗಿ ಗಾಜು ಒಡೆದಿದ್ದರು. ಊರೇ ಕಾದ ಬಾಣಲೆಯಾಗಿತ್ತು. ಸ್ಪರ್ಧೆಯ ವಿರುದ್ಧ ಎಲ್ಲರೂ ಬೀದಿಗೆ ಬಂದರು, ಆದರೆ ಒಬ್ಬೊಬ್ಬರ ಕಾರಣ ಒಂದೊಂದು. ರೈತರು ಬಹುರಾಷ್ಟ್ರೀಯ ಕಂಪನಿಗಳ ಬಂಡವಾಳದ ಮಾತಾಡಿದರು. ಮಹಿಳಾ ಸಂಘಟನೆಯವರು ಹೆಣ್ಣನ್ನು ಸರಕು ಮಾಡಿ ಸಾಬೂನು, ಷಾಂಪೂ ಮಾರುವ ವ್ಯಾಪಾರದ ಮಾತಾಡಿದರು. ನಮ್ಮ ಪೋಸ್ಟರು? ಅದು ಬಟ್ಟೆ ಅಳೆಯುತ್ತಿತ್ತು. ಎಡಗಡೆ ಸೀರೆ, ಬಲಗಡೆ ಈಜುಡುಗೆ. ಆಗಲೂ ನಡುವೆ ಒಂದು ಗೆರೆ.

ಮದುರೈಯಲ್ಲಿ ಒಬ್ಬ ಯುವಕ ಈ ಸ್ಪರ್ಧೆಯನ್ನು ವಿರೋಧಿಸಿ ಬೆಂಕಿ ಹಚ್ಚಿಕೊಂಡು ಪ್ರಾಣ ಬಿಟ್ಟ. ಈಜುಡುಗೆ ಸುತ್ತು ಸೀಷೆಲ್ಸ್ ದ್ವೀಪಕ್ಕೆ ಹೋಯಿತು. ಗೆದ್ದೆವು ಎಂದು ನಾವು ಸಿಹಿ ಹಂಚಿದೆವು. ಅವರು ಗ್ರೀಸ್ ದೇಶದ ಹುಡುಗಿಗೆ ಕಿರೀಟ ತೊಡಿಸಿ ವಿಮಾನ ಹತ್ತಿದರು.

ಆ ವಾರದಲ್ಲೇ ನಮ್ಮಮ್ಮನನ್ನು ಕರೆದುಕೊಂಡು ಬ್ಯಾಂಕಿಗೆ ಹೋದೆ. ಯಾವ ಬ್ಯಾಂಕು ಎಂಬುದು ಬೇಡ, ಎಲ್ಲ ಕಡೆಯೂ ಅದೇ ಕಥೆ. ಚಲನ್ ಇಂಗ್ಲಿಷಿನಲ್ಲಿತ್ತು, ಹಿಂದಿಯಲ್ಲಿತ್ತು. ಕನ್ನಡದಲ್ಲಿ ಇರಲಿಲ್ಲ. ನಮ್ಮಮ್ಮ ದಿನಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವರು, ಶ್ರದ್ಧಾಂಜಲಿ ಜಾಹೀರಾತನ್ನೂ ಬಿಡದವರು. ಆ ಕಾಗದವನ್ನು ಹಿಡಿದು ಹಿಂದೆ ಮುಂದೆ ತಿರುಗಿಸಿದರು. ಕೌಂಟರಿನಲ್ಲಿದ್ದವನು ಅವರ ಮುಖ ನೋಡದೆ ನನ್ನ ಕಡೆ ತಿರುಗಿ ಹಿಂದಿಯಲ್ಲಿ ಕೇಳಿದ: ಇವರಿಗೆ ಓದು ಬರುವುದಿಲ್ಲವೇ?

ಅಮ್ಮ ಸೀರೆ ಉಟ್ಟಿದ್ದರು. ಹಣೆಯಲ್ಲಿ ಕುಂಕುಮವಿತ್ತು. ಬೆಳಿಗ್ಗೆ ದೀಪ ಹಚ್ಚಿಯೇ ಹೊರಟಿದ್ದರು. ಪೋಸ್ಟರಿನ ಎಡಗಡೆಯವರೇ ಸರಿ! ಆ ಕೌಂಟರಿನ ಮುಂದೆ ಅದರಿಂದ ಕವಡೆ ಕಾಸಿನ ಉಪಯೋಗವಾಗಲಿಲ್ಲ. ನಾನು ಚಲನ್ ತುಂಬಿಕೊಟ್ಟೆ. ಪೋಸ್ಟರ್ ಅಂಟಿಸಿದ ಮೈದಾ ಗೋಂದು ನನ್ನ ಉಗುರಿನ ಸಂದಿಯಲ್ಲಿ ಇನ್ನೂ ಒಣಗಿಕೊಂಡಿತ್ತು. ಊರಿಗೆಲ್ಲ ಸಂಸ್ಕೃತಿ ಅಂಟಿಸಿ ಬಂದಿದ್ದೆ. ನಮ್ಮಮ್ಮನ ಕೈಗೆ ಒಂದು ಕನ್ನಡದ ಚಲನ್ ಕೊಡಿಸಲು ಆಗಿರಲಿಲ್ಲ. ಅದನ್ನು ಕೇಳಬೇಕೆಂದು ಕೂಡ ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಸಂಸ್ಕೃತಿಯನ್ನು ಹೆಣ್ಣಿನ ಮೈಮೇಲೆ ಬರೆಯುವ ಪೋಸ್ಟರ್ ಗೋಡೆಯ ಮೇಲೇ ನಿಲ್ಲುವುದಿಲ್ಲ. 2009ರ ಜನವರಿ 24ರಂದು ಮಂಗಳೂರಿನ ಪಬ್ಬಿಗೆ ನುಗ್ಗಿ ಹುಡುಗಿಯರನ್ನು ಅಟ್ಟಾಡಿಸಿ ಹೊಡೆದವರ ಬಾಯಲ್ಲಿ ಇದ್ದದ್ದೂ 'ನಮ್ಮ ಸಂಸ್ಕೃತಿ'ಯೇ. ಅಂದು ಆ ದೃಶ್ಯವನ್ನು ಟಿವಿಯಲ್ಲಿ ಇಡೀ ದೇಶ ನೋಡಿತು. ನಮ್ಮ ಪೋಸ್ಟರು ಯಾರನ್ನೂ ಹೊಡೆಯಿರಿ ಎಂದು ಹೇಳಿರಲಿಲ್ಲ, ನಿಜ. ಯಾರು ಬಲಗಡೆಯವರು ಎಂದು ತೋರಿಸಿಕೊಟ್ಟಿತ್ತು, ಅಷ್ಟೇ.

ಇರಲಿ, ಎಡಗಡೆಗೆ ಬನ್ನಿ. ಇಲ್ಲಿ ನಿಜವಾದ ತಮಾಷೆ ಇದೆ.

ಆ ಹೆಣ್ಣುಮಗಳು ಉಟ್ಟ ಮೈಸೂರು ರೇಷ್ಮೆ ಎಲ್ಲಿಯದು? ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಸ್ವಿಟ್ಜರ್ಲೆಂಡಿನಿಂದ ತರಿಸಿದ 32 ಯಂತ್ರಮಗ್ಗಗಳ ಮೇಲೆ ಶುರುವಾದ ಕಾರ್ಖಾನೆಯದು. ಗೋಡೆಯ ಮೇಲಿನ ಲಕ್ಷ್ಮಿ? ಆ ಮುಖ, ಆ ನಿಲುವು, ಆ ನೆರಳು ಬೆಳಕು ರಾಜಾ ರವಿವರ್ಮನದು. ಯುರೋಪಿನ ತೈಲಚಿತ್ರದ ಕಲೆಯನ್ನು ಕಲಿತು ಬರೆದದ್ದು. 1894ರಲ್ಲಿ ಬೊಂಬಾಯಿಯಲ್ಲಿ ಜರ್ಮನ್ ಯಂತ್ರ ತರಿಸಿ ಅಚ್ಚುಕೂಟ ಹಾಕಿದ ಮೇಲೆ ದೇವರ ಪಟ ಮನೆಮನೆಗೂ ಬಂತು. ದೇವಸ್ಥಾನದ ಬಾಗಿಲಲ್ಲಿ ನಿಲ್ಲಿಸಿದವರ ಮನೆಯ ಗೋಡೆಗೂ ಲಕ್ಷ್ಮಿ ಬಂದಳು. ಅದು ಅಚ್ಚಿನ ಯಂತ್ರದ ಪುಣ್ಯ.

1894 ಎಂಬ ಇಸವಿ ನೆನಪಿರಲಿ. ಕಿಟೆಲ್ಲರ ಕನ್ನಡ ನಿಘಂಟು ಅಚ್ಚಾದದ್ದೂ ಅದೇ ವರ್ಷ, ಸುಮಾರು 70 ಸಾವಿರ ಪದ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ'ವನ್ನು 1843ರಲ್ಲಿ ಕಲ್ಲಚ್ಚಿನಲ್ಲಿ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಕೂಡ ಜರ್ಮನ್ ಪಾದ್ರಿಯೇ. ಇಬ್ಬರೂ ಮತಪ್ರಚಾರಕ್ಕೆ ಬಂದವರು, ಅದನ್ನು ಮುಚ್ಚಿಡುವುದೇನೂ ಬೇಡ. ಆದರೆ ನೀವು ಈಗ ಕೈಯಲ್ಲಿ ಹಿಡಿದಿರುವ ಪತ್ರಿಕೆ ಎಂಬ ವಸ್ತುವಿನ ಮುತ್ತಜ್ಜ ಆ ಕಲ್ಲಚ್ಚು. ಹಾಗಿದ್ದರೆ ಪೋಸ್ಟರನ್ನೇ ಪೋಸ್ಟರಿನ ಬಲಗಡೆಗೆ ಹಾಕಬೇಕಾಗುತ್ತದಲ್ಲ!

ಬಾಳೆಲೆಗೆ ಬನ್ನಿ. ಸಾರಿಗೆ ಬಿದ್ದ ಬ್ಯಾಡಗಿ ಮೆಣಸಿನಕಾಯಿಯ ಬೀಜ ಅಮೆರಿಕ ಖಂಡದ್ದು, ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಅದಕ್ಕೆ ಮುಂಚೆ ನಮ್ಮ ಬಾಯಿಗೆ ಕಾಳುಮೆಣಸಿನ ಖಾರ.

ಇಷ್ಟು ಹೇಳುವ ಹೊತ್ತಿಗೆ ಒಬ್ಬ ಹುಡುಗನಿಗೆ ಸಿಟ್ಟು ಬಂತು. 'ಹಂಗಾದ್ರೆ ನಮ್ದು ಅನ್ನೋದೇ ಇಲ್ವಾ ಅಣ್ಣಾ? ಎಲ್ಲಾ ಅವರದೇನಾ?' ಅಂದ. ಸರಿಯಾದ ಸಿಟ್ಟು. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಇವೆಲ್ಲ ನಮ್ಮವೇ! ಬ್ಯಾಡಗಿ ನಮ್ಮದೇ. ಹಾವೇರಿಯ ಮಣ್ಣು ಅದಕ್ಕೆ ಆ ಬಣ್ಣ ಕೊಟ್ಟಿತು. ಮೈಸೂರು ರೇಷ್ಮೆ ನಮ್ಮದೇ. ಮಗ್ಗ ತರಿಸಬೇಕೆಂದು ತೀರ್ಮಾನಿಸಿದ್ದು ಮೈಸೂರು, ನೂಲು ಕೊಟ್ಟದ್ದು ನಮ್ಮ ರೈತರ ಗೂಡು, ನೇಯ್ದದ್ದು ನಮ್ಮ ಕೈ, ಸೆರಗಿನ ಮೇಲೆ ನಿಂತದ್ದು ನಮ್ಮ ಊರಿನ ಹೆಸರು. ಹೊರಗಿನದನ್ನು ತಂದು, ಲಗಾಮು ತನ್ನ ಕೈಯಲ್ಲಿ ಇಟ್ಟುಕೊಂಡು, ತನ್ನದು ಮಾಡಿಕೊಳ್ಳುವುದು ಕನ್ನಡದ ಹಳೆಯ ಚಾಳಿ. ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸುವುದೇ ಸಂಪತ್ತು ಎಂದು 'ಕವಿರಾಜಮಾರ್ಗ' ಒಂಬತ್ತನೇ ಶತಮಾನದಲ್ಲೇ ಹೇಳಿಟ್ಟಿದೆ.

ಎಡಗಡೆ ಬರೆಯದೆ ಬಿಟ್ಟದ್ದೂ ಇದೆ. ಅಜ್ಜನ ಕಾಲಿಗೆ ಬೀಳುವ ಮೊಮ್ಮಕ್ಕಳ ಚಿತ್ರ ಚೆನ್ನಾಗಿದೆ. ಆದರೆ ಆ ಆರು ಜನರಲ್ಲಿ ಒಬ್ಬನ ಅಜ್ಜನನ್ನು ಊರ ಬಾವಿಯ ಕಟ್ಟೆ ಹತ್ತಲು ಬಿಡುತ್ತಿರಲಿಲ್ಲ. ಅದು ಲಂಡನ್ನಿನಿಂದ ಬಂದ ಪದ್ಧತಿಯಲ್ಲ, ಇಲ್ಲಿಯದೇ. ಅರಿಶಿನ ಬಣ್ಣದ ಮೇಲೆ ಅದನ್ನು ಬರೆಯುವ ಎದೆಗಾರಿಕೆ ಇದೆಯೇ? ಅದರ ವಿರುದ್ಧ ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದಲ್ಲಿ ಎದ್ದು ನಿಂತವರೂ ಇಲ್ಲಿಯವರೇ, ಕನ್ನಡದಲ್ಲೇ ಮಾತಾಡಿದವರು. ಅವರಲ್ಲೊಬ್ಬಳು ಅಕ್ಕಮಹಾದೇವಿ. ಅರಸನ ಅರಮನೆಯನ್ನೂ ಮೈಮೇಲಿನ ಬಟ್ಟೆಯನ್ನೂ ಬಿಟ್ಟು, ಕೂದಲು ಹೊದ್ದು ನಡೆದವಳು. ನಿಮ್ಮ ಗೆರೆಯ ಯಾವ ಕಡೆ ನಿಲ್ಲಿಸುತ್ತೀರಿ ಅವಳನ್ನು? ನಾನು ಕೇಳಿದಾಗ ಟೀ ಅಂಗಡಿಯಲ್ಲಿ ಯಾರೂ ಉತ್ತರ ಕೊಡಲಿಲ್ಲ. ಹುಡುಗಿ ಮಾತ್ರ ಲೋಟದಿಂದ ಕಣ್ಣೆತ್ತಿದಳು.

ಬಲಗಡೆಯನ್ನೂ ಸ್ವಲ್ಪ ನೋಡೋಣ. 'ಪಾಶ್ಚಾತ್ಯ' ಎಂದು ಒಂದೇ ಕಪ್ಪು ಬಳಿದಿದ್ದೀರಿ. ಇಂಗ್ಲೆಂಡಿನ ಮಗ್ಗುಲಲ್ಲೇ ವೇಲ್ಸ್ ಎಂಬ ನಾಡಿದೆ, ಅವರಿಗೆ ತಮ್ಮದೇ ಭಾಷೆ ಇದೆ. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿನ ಎಷ್ಟೋ ಶಾಲೆಗಳಲ್ಲಿ ವೆಲ್ಷ್ ಮಾತಾಡಿದ ಮಗುವಿನ ಕೊರಳಿಗೆ ಮರದ ತುಂಡೊಂದನ್ನು ನೇತುಹಾಕುತ್ತಿದ್ದರು. ಇನ್ನೊಂದು ಮಗು ವೆಲ್ಷ್ ಮಾತಾಡಿ ಸಿಕ್ಕಿಬಿದ್ದರೆ ತುಂಡು ಅದರ ಕೊರಳಿಗೆ. ಸಂಜೆ ಯಾರ ಕೊರಳಲ್ಲಿ ಉಳಿಯಿತೋ ಆ ಮಗುವಿಗೆ ಏಟು. ಆ ನಾಡಿನ ಯುವಕರು 1962ರಲ್ಲಿ ಭಾಷಾ ಸಂಘ ಕಟ್ಟಿದರು, ಇಂಗ್ಲಿಷ್ ಮಾತ್ರ ಇದ್ದ ರಸ್ತೆ ಫಲಕಗಳಿಗೆ ಬಣ್ಣ ಬಳಿದರು, ಜೈಲಿಗೆ ಹೋದರು. ಇವತ್ತು ವೇಲ್ಸಿನ ರಸ್ತೆಗಳಲ್ಲಿ ಫಲಕ ಎರಡು ಭಾಷೆಯಲ್ಲಿದೆ. ಆ ಹುಡುಗ ಹುಡುಗಿಯರೂ ಜೀನ್ಸ್ ತೊಟ್ಟವರೇ! ಅವರು ನಮ್ಮ ಶತ್ರುಗಳೋ, ನಮ್ಮ ನೆಂಟರೋ?

ಈಗ ನಮ್ಮ ಊರಿನ ಶಾಲೆಗೆ ಬನ್ನಿ. ಆವರಣದಲ್ಲಿ ಕನ್ನಡ ಮಾತಾಡಿದ್ದಕ್ಕೆ ದಂಡ ಕಟ್ಟಿದವರು, ಬಿಸಿಲಲ್ಲಿ ನಿಂತವರು ನಿಮ್ಮಲ್ಲೇ ಇದ್ದೀರಿ. ಅಂಥ ಶಾಲೆಯನ್ನು ನಡೆಸುವವರು ಯಾರು? ಬಿಳಿಯರೇನೂ ಅಲ್ಲ. ನಮ್ಮವರೇ. ಬೆಳಿಗ್ಗೆ ಪ್ರಾರ್ಥನೆಗೆ ದೀಪ ಹಚ್ಚುವವರು, ವಾರ್ಷಿಕೋತ್ಸವದಲ್ಲಿ ಮಕ್ಕಳಿಗೆ ರೇಷ್ಮೆ ಉಡಿಸಿ ಭರತನಾಟ್ಯ ಆಡಿಸುವವರು, ಅತಿಥಿಗೆ ಮೈಸೂರು ಪೇಟ ತೊಡಿಸುವವರು. ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಅಥವಾ ಮಾತೃಭಾಷೆ ಕಲಿಕೆಯ ಮಾಧ್ಯಮವಾಗಬೇಕೆಂಬ 1994ರ ಸರ್ಕಾರಿ ಆದೇಶದ ವಿರುದ್ಧ ನ್ಯಾಯಾಲಯಕ್ಕೆ ಹೋದದ್ದೂ ಇಲ್ಲಿನ ಶಾಲಾ ಆಡಳಿತ ಮಂಡಳಿಗಳ ಒಕ್ಕೂಟವೇ. 2014ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅವರ ಪರವಾಗಿ ತೀರ್ಪು ಕೊಟ್ಟಿತು. ನಿಮ್ಮ ಪೋಸ್ಟರಿನಲ್ಲಿ ಇವರಿಗೆ ಎಲ್ಲಿ ಜಾಗ? ದೀಪ ಹಚ್ಚಿದ ಕಾರಣಕ್ಕೆ ಎಡಗಡೆ ಕೂತು ಬಿಡುತ್ತಾರೆ. ಅವರ ಶಾಲೆಯ ಗೋಡೆಗೂ ಈ ಪೋಸ್ಟರನ್ನು ಸಂತೋಷವಾಗಿ ಅಂಟಿಸಿಕೊಳ್ಳುತ್ತಾರೆ!

ಅದಕ್ಕೇ ಹೇಳುವುದು. ನಮ್ಮ ಜಗಳ ಪೂರ್ವಕ್ಕೂ ಪಶ್ಚಿಮಕ್ಕೂ ಅಲ್ಲ. ಕುವೆಂಪು ಶುರುವಿನಲ್ಲಿ ಇಂಗ್ಲಿಷಿನಲ್ಲಿ ಬರೆದವರು, 1922ರಲ್ಲಿ ಪುಸ್ತಕವೂ ಬಂದಿತ್ತು. ನಿನ್ನ ಭಾಷೆಯಲ್ಲಿ ಬರೆಯಪ್ಪ ಎಂದು ಅವರಿಗೆ ಹೇಳಿದವನು ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್. ಕನ್ನಡಕ್ಕೆ ಪ್ರಥಮ ಭಾಷೆಯ ಸ್ಥಾನ ಕೊಡಿ ಎಂದು ವರದಿ ಬರೆದ ವಿ.ಕೃ. ಗೋಕಾಕರು ಆಕ್ಸ್‌ಫರ್ಡಿನಲ್ಲಿ ಓದಿದ ಇಂಗ್ಲಿಷ್ ಮೇಷ್ಟ್ರು.

ಹಾಗಾದರೆ ವ್ಯತ್ಯಾಸವೇ ಇಲ್ಲವೇ? ಇದೆ. ಚೆನ್ನಾಗಿಯೇ ಇದೆ. ಅದನ್ನು ಅರಿಶಿನದಲ್ಲಿ ನೋಡಿ. 1995ರಲ್ಲಿ ಅಮೆರಿಕದ ಪೇಟೆಂಟ್ ಕಚೇರಿ ಗಾಯ ಮಾಯಿಸಲು ಅರಿಶಿನ ಬಳಸುವುದಕ್ಕೆ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಪೇಟೆಂಟ್ ಕೊಟ್ಟಿತು. ನಮ್ಮಜ್ಜಿ ಮಂಡಿ ತರಚಿದಾಗ ಮೆತ್ತುತ್ತಿದ್ದ ಅರಿಶಿನಕ್ಕೆ! ಊರವರೆಲ್ಲ ಬಳಸುವುದು ಊರವರೆಲ್ಲರದು ಎಂಬುದು ಒಂದು ಮೌಲ್ಯ. ಯಾರು ಮೊದಲು ಕಾಗದ ಮಾಡಿಸಿದರೋ ಅವರದು ಎಂಬುದು ಇನ್ನೊಂದು. ಇದು ನಿಜವಾದ ಎರಡು ಕಡೆ. ನಮ್ಮ ದೇಶದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಅದನ್ನು ಪ್ರಶ್ನಿಸಿ 1997ರಲ್ಲಿ ರದ್ದು ಮಾಡಿಸಿತು. ಹೇಗೆ? ನಮ್ಮ ಸಂಸ್ಕೃತಿ ಶ್ರೇಷ್ಠ ಎಂದು ಕೂಗಿ ಅಲ್ಲ. ಸಂಸ್ಕೃತ, ಉರ್ದು, ಹಿಂದಿಯ ಹಳೆಯ ಬರಹಗಳನ್ನು, 1953ರ ವೈದ್ಯಕೀಯ ಪತ್ರಿಕೆಯೊಂದರ ಲೇಖನವನ್ನು ಮುಂದಿಟ್ಟು. ನಮ್ಮ ಭಾಷೆಗಳಲ್ಲಿ ಬರೆದಿಟ್ಟ ನಾಲ್ಕು ಸಾಲು ಆ ದಿನ ಕೆಲಸಕ್ಕೆ ಬಂತು. ಬೇವಿನ ಕಥೆಯೂ ಅಷ್ಟೇ. ಯುರೋಪಿನಲ್ಲಿ 1994ರಲ್ಲಿ ಸಿಕ್ಕ ಪೇಟೆಂಟು 2000ದಲ್ಲಿ ರದ್ದಾಯಿತು, 2005ರಲ್ಲಿ ಮೇಲ್ಮನವಿಯೂ ಬಿತ್ತು. ಅಲ್ಲಿ ವಂದನಾ ಶಿವ ಅವರ ಜೊತೆ ನಿಂತು ದಾವೆ ಹೂಡಿದವರಲ್ಲಿ ಯುರೋಪಿನ ಹಸಿರು ಪಕ್ಷದವರೂ ಇದ್ದರು.

ನಿಮ್ಮಜ್ಜಿಗೆ ಗೊತ್ತಿರುವ ಸೊಪ್ಪು, ಬೇರು, ಬಿತ್ತನೆಯ ಮಾತನ್ನು ನೀವು ಕನ್ನಡದಲ್ಲಿ ಬರೆದಿಟ್ಟಿದ್ದೀರಾ? ಅಜ್ಜಿಯ ಕಾಲಿಗೆ ಬೀಳುವ ಫೋಟೋ ಬೇಡ, ಒಂದು ನೋಟುಬುಕ್ಕು ಹಿಡಿದು ಪಕ್ಕದಲ್ಲಿ ಕೂತುಕೊಳ್ಳಿ.

ಇನ್ನು ಪೋಸ್ಟರಿನ ಮಾತು. 1982ರ ಗೋಕಾಕ್ ಚಳವಳಿಯ ಗೋಡೆಗಳನ್ನು ನೋಡಿದವರು ಈಗಲೂ ಹೇಳುತ್ತಾರೆ: ಅಲ್ಲಿ ದೀಪ ಇರಲಿಲ್ಲ, ಬೇಡಿಕೆ ಇತ್ತು. ವರದಿ ಜಾರಿ ಮಾಡಿ, ಅಷ್ಟೇ. ಓದಿದವನಿಗೆ ಯಾರನ್ನು ಏನು ಕೇಳಬೇಕೆಂದು ಗೊತ್ತಾಗುತ್ತಿತ್ತು. ಡಾ. ರಾಜ್‌ಕುಮಾರ್ ಊರೂರು ತಿರುಗಿ ಹೇಳಿದ್ದೂ ಅದೊಂದೇ ಮಾತು. 'ನಿನ್ನ ಆಯ್ಕೆ ಯಾವುದು' ಎಂದು ಕೇಳಿದರೆ ಓದಿದವನು ಏನು ಮಾಡಬೇಕು? ಮನೆಗೆ ಹೋಗಿ ತಂಗಿಯ ಬಟ್ಟೆ ನೋಡಬೇಕೇ?

ಹುಡುಗರಿಗೆ ನಮ್ಮಮ್ಮನ ಚಲನ್ ಕಥೆ ಹೇಳಿದೆ. ಚಲನ್, ಪಾಸ್ ಪುಸ್ತಕ, ಖಾತೆ ತೆರೆಯುವ ಅರ್ಜಿ ಎಲ್ಲವೂ ಇಂಗ್ಲಿಷ್, ಹಿಂದಿ ಮತ್ತು ಆಯಾ ರಾಜ್ಯದ ಭಾಷೆ ಮೂರರಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕೇ ಗ್ರಾಹಕ ಸೇವೆಯ ಸುತ್ತೋಲೆಯಲ್ಲಿ ಬ್ಯಾಂಕುಗಳಿಗೆ ಹೇಳಿದೆ ಎಂಬುದು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತೇ? ಅಂಗಡಿ ಫಲಕದಲ್ಲಿ ಶೇಕಡಾ 60 ಕನ್ನಡ ಇರಬೇಕೆಂದು 2024ರಲ್ಲಿ ಕಾನೂನೇ ಆಯಿತು. ಅದರ ಹಿಂದಿನ ಡಿಸೆಂಬರಿನಲ್ಲಿ ಬೆಂಗಳೂರಿನ ಬೀದಿಯಲ್ಲಿ ನಮ್ಮವರು ಲಾಠಿ ತಿಂದು ಜೈಲಿಗೆ ಹೋದ ಮೇಲೆ ಬಂದ ಕಾನೂನು. ಫಲಕದ ಮೇಲೆ ಕನ್ನಡ ಬಂತು. ಒಳಗಿನ ಕೌಂಟರಿನಲ್ಲಿ?

ಹುಡುಗಿ ಅಲ್ಲೇ ಕರಡನ್ನು ಮಗುಚಿ ಹಾಕಿ ಹಿಂಬದಿಯಲ್ಲಿ ಗೀಚತೊಡಗಿದಳು. ಇಡೀ ಹಾಳೆಗೆ ಒಂದು ದೊಡ್ಡ ಚಲನ್. ಹೆಸರು, ಖಾತೆ ಸಂಖ್ಯೆ, ಮೊತ್ತ ಎಂದು ಇರಬೇಕಾದ ಕಡೆ ಬರೀ ಖಾಲಿ ಗೆರೆ. ಮೂಲೆಯಲ್ಲಿ ಚಲನ್ ಹಿಡಿದ ಒಂದು ಹೆಂಗಸಿನ ಕೈ, ಬಳೆ ತೊಟ್ಟದ್ದು. ಮೇಲೆ: 'ನಮ್ಮಮ್ಮನಿಗೆ ಓದು ಬರುತ್ತದೆ. ನಿಮ್ಮ ಚಲನ್‌ಗೆ ಕನ್ನಡ ಬರುತ್ತದೆಯೇ?' ಕೆಳಗೆ ಸಣ್ಣಕ್ಷರದಲ್ಲಿ ನಿಯಮ ಏನು, ವ್ಯವಸ್ಥಾಪಕರಿಗೆ ಅರ್ಜಿ ಹೇಗೆ ಬರೆಯಬೇಕು, ಅವರು ಕಿವಿಗೆ ಹಾಕಿಕೊಳ್ಳದಿದ್ದರೆ ಮೇಲೆ ಯಾರಿಗೆ ದೂರು ಕೊಡಬೇಕು.

ನನ್ನ ಕಡೆಯಿಂದ ಎರಡೇ ಮಾತು ಸೇರಿಸಿದೆ. ಒಂದು, ಪ್ರೆಸ್ಸಿನಲ್ಲಿ ಒತ್ತಕ್ಷರ ನೋಡಿ. ಹೊರಗಿನ ತಂತ್ರಾಂಶಕ್ಕೆ ನಮ್ಮ ಅಕ್ಷರ ಹಾಕಿದರೆ ಒತ್ತು ಒಂದು ಕಡೆ, ಅರ್ಕಾವತ್ತು ಒಂದು ಕಡೆ ಚೆಲ್ಲಾಪಿಲ್ಲಿಯಾಗುತ್ತದೆ. ಕನ್ನಡ ಉಳಿಸಿ ಎನ್ನುವ ಪೋಸ್ಟರಿನಲ್ಲೇ ಕನ್ನಡದ ಕಾಲು ಮುರಿದಿದ್ದನ್ನು ಎಷ್ಟು ನೋಡಿಲ್ಲ ನಾವು! ಎರಡು, ಸಾರ್ವಜನಿಕ ಗೋಡೆ ಬೇಡ. 1981ರ ಕಾಯ್ದೆ ಇದೆ, 2018ರಲ್ಲಿ ಪಾಲಿಕೆ ಫ್ಲೆಕ್ಸನ್ನೂ ನಿಷೇಧಿಸಿತು. ಅಂಗಡಿಯವರನ್ನು ಕೇಳಿ, ಅವರ ಬಾಗಿಲಿಗೆ ಅಂಟಿಸಿ. ಕೇಳುವ ನೆಪದಲ್ಲಿ ಮಾತೂ ಆಗುತ್ತದೆ.

ಸಿಟ್ಟಾಗಿದ್ದ ಹುಡುಗನಿಗೆ ಇನ್ನೂ ಪೂರ್ತಿ ಸಮಾಧಾನವಿಲ್ಲ. 'ದೀಪ ಇಲ್ದಿದ್ರೆ ರಾಜ್ಯೋತ್ಸವದ ಪೋಸ್ಟರ್ ಅನ್ನಿಸಲ್ಲ ಅಣ್ಣಾ' ಎಂದು ಹಟ ಹಿಡಿದ. ಹತ್ತು ನಿಮಿಷ ವಾದವಾಯಿತು. ಕೊನೆಗೆ ಬಲಮೂಲೆಯಲ್ಲಿ, ಮುದ್ರಕರ ಹೆಸರಿನ ಪಕ್ಕ, ಚಿಕ್ಕದೊಂದು ದೀಪ ಇಟ್ಟಿದ್ದಾರೆ. ಇರಲಿ ಬಿಡಿ.

500 ಪ್ರತಿ ಅಚ್ಚಾಗುತ್ತಿದೆ. ಶನಿವಾರ ಸಂಜೆ ಆರಕ್ಕೆ ಅದೇ ಟೀ ಅಂಗಡಿಯ ಹತ್ತಿರ ಸೇರುತ್ತೇವೆ. ಏನು ಬೇಕಾದರೂ ತೊಟ್ಟುಕೊಂಡು ಬನ್ನಿ. ಗೋಂದು ನಾನು ಕಾಯಿಸಿ ತರುತ್ತೇನೆ.